ಚೀಲಕ್ಕೊಂದು

ಎಣಿಸುವ ಯಂತ್ರ ನಿಂತಿತು. ಬದಿಯ ತಟ್ಟೆ ಈ ಸಲವೂ ಖಾಲಿ. ತೂಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಯಂತ್ರ ಆ ನಾಣ್ಯವನ್ನು ಅಲ್ಲಿಗೆ ಉಗುಳುತ್ತದೆ. ಬ್ಯಾಂಕಿನ ಕ್ಯಾಶಿಯರ್ ಚೀಲದ ಬಾಯಿ ಕಟ್ಟಿ ಕಿಟಕಿಯಾಚೆ ತಳ್ಳಿದ. ಇದರಲ್ಲಿ ಏನೂ ಇಲ್ಲ. ಖಾತ್ರಿ.

ಆಚೆ ನಿಂತಿದ್ದಾಕೆಗೆ ಅರವತ್ತು ದಾಟಿತ್ತು. ಮೊದಲ ಸಲ ನೋಟು ಕೊಟ್ಟು ಐದರ ನಾಣ್ಯಗಳ ಚೀಲ ಒಯ್ದಿದ್ದಳು; ಆಮೇಲೆ ಸೋಮವಾರ, ಗುರುವಾರ ಅದನ್ನು ಮರಳಿಸಿ ಇನ್ನೊಂದು ಒಯ್ಯುವುದು. ಮೂರು ತಿಂಗಳಿಂದ ಇದೇ ನಡೆದಿತ್ತು. ಮನೆಯಲ್ಲಿ ಗಂಡ ಒಂದೊಂದನ್ನೇ ಭೂತಗನ್ನಡಿಯಡಿ ತಿರುಗಿಸಿ ನೋಡುತ್ತಾರಂತೆ.

“ಹೋದ ಚೀಲದಲ್ಲಿ ಸಿಕ್ತಾ ಅಮ್ಮ?”

“ಸಿಕ್ತಪ್ಪ. ಅವರ ಖುಷಿ ನೋಡ್ಬೇಕಿತ್ತು.”

“ಅದೇ ಥರದ್ದಾ?”

“ಅದೇ.”

ಟಂಕಸಾಲೆಯವರ ಕಣ್ತಪ್ಪಿನಿಂದ ಬೇರೊಂದು ನಾಣ್ಯದ ತೆಳು ಬಿಲ್ಲೆಯ ಮೇಲೆ ಐದರ ಅಚ್ಚು ಬಿದ್ದ ನಾಣ್ಯ. ತರಕಾರಿಯವನಿಗೆ ಅದು ಬರೀ ಐದು. ಸಂಗ್ರಹಕಾರರಿಗೆ ಎಷ್ಟು ಎಂದು ಕ್ಯಾಶಿಯರ್ ಹಳೇ ನಾಣ್ಯದ ಅಂಗಡಿಯಲ್ಲಿ ವಿಚಾರಿಸಿದ್ದ. ಹೇಳಿದ ಬೆಲೆ ಅವನ ಎಂಟು ತಿಂಗಳ ಸಂಬಳ.

“ಮೂವತ್ತು ವರ್ಷದಲ್ಲಿ ಎರಡು ನೋಡಿದ್ದೀನಿ,” ಎಂದಿದ್ದ ಅಂಗಡಿಯವನು. “ಚೀಲಕ್ಕೊಂದು ಸಿಗುತ್ತೆ ಅಂದ್ರೆ ಯಾರೋ ನಿಮ್ಮ ಕಿವಿಗೆ ಹೂ ಇಟ್ಟಿದ್ದಾರೆ.”

ಆದರೆ ಆಕೆಯ ಮುಖದಲ್ಲಿ ಸುಳ್ಳಿರಲಿಲ್ಲ. ಇಷ್ಟು ಸಿಕ್ಕರೂ ಹೊಲಿಸಿದ ಚಪ್ಪಲಿಯಲ್ಲೇ ಬರುತ್ತಾಳೆ. ಜಿಪುಣರು, ಕೂಡಿಡುತ್ತಿದ್ದಾರೆ ಎಂದುಕೊಂಡ. ಕೊಡುವ ಮುನ್ನ ಪ್ರತಿ ಚೀಲವನ್ನೂ ಎರಡು ಸಲ ಯಂತ್ರಕ್ಕೆ ಹಾಕತೊಡಗಿದ. ತಟ್ಟೆ ಖಾಲಿ. ಆಕೆ ಬಂದು ಮತ್ತೆ ಹೇಳುತ್ತಾಳೆ, ಸಿಕ್ತು.

ಅಣ್ಣನ ಸಂಸಾರದ ಜೊತೆ ಎರಡು ಕೋಣೆಗಳಲ್ಲಿ ಅವನ ಬಾಳು. ಬೇರೆ ಮನೆ ನೋಡಿಯಾಗಿತ್ತು, ಮುಂಗಡಕ್ಕೆ ಗತಿಯಿರಲಿಲ್ಲ. “ದಿನಾ ಕಂತೆ ಕಂತೆ ಎಣಿಸ್ತೀರಿ,” ಎನ್ನುತ್ತಿದ್ದಳು ಹೆಂಡತಿ. “ಮನೆಗೆ ತರೋದು ಬೆರಳಿನ ಕೊಳೆ.” ಊಟಕ್ಕೆ ಕೂತರೂ ಅವನ ಕಿವಿಯಲ್ಲಿ ಯಂತ್ರದ ಸದ್ದು.

ಆ ಗುರುವಾರ ಆಕೆ ಎಂದಿಗಿಂತ ಗೆಲುವಾಗಿದ್ದಳು. ಚೀಲ ಮರಳಿಸಿ ಇನ್ನೊಂದು ಒಯ್ದಳು. ಬಂದ ಚೀಲವನ್ನು ಅವನು ಯಂತ್ರಕ್ಕೆ ಸುರಿದ.

ಟಣ್.

ತಟ್ಟೆಯಲ್ಲಿ ಒಂದು ನಾಣ್ಯ. ತೆಳ್ಳಗೆ, ಅಂಚು ತುಸು ಸೊಟ್ಟ. ಮುದುಕನ ಕಣ್ಣು ಕೊನೆಗೂ ತಪ್ಪಿದೆ. ಅದನ್ನು ಎತ್ತಿಕೊಂಡು, ತನ್ನ ಜೇಬಿನಿಂದ ಮಾಮೂಲಿ ಐದರ ನಾಣ್ಯವೊಂದನ್ನು ಚೀಲಕ್ಕೆ ಹಾಕಿದ. ಬ್ಯಾಂಕಿಗೆ ನಯಾಪೈಸೆ ನಷ್ಟವಿಲ್ಲ. ಯಾರಿಗೂ ಇಲ್ಲ.

ಊಟದ ಬಿಡುವಿನಲ್ಲಿ ಅಂಗಡಿಗೆ ಓಡಿದ. ಈ ಸಲ ಅಂಗಡಿಯವನು ನಗಲಿಲ್ಲ. ತೂಗಿ, ಹಣದ ಲಕೋಟೆ ಕೈಗಿಟ್ಟ. ಫೋನು ಮಾಡಿ ಕರೆಸಿದ ಗಿರಾಕಿ ನಾಣ್ಯ ಕೊಳ್ಳಲು ಬಾಗಿಲಲ್ಲೇ ಕಾದಿದ್ದ.

ಮೂರು ಗಂಟೆಗೆ ಆಕೆ ಮತ್ತೆ ಕಿಟಕಿಯ ಮುಂದೆ. ಏದುಸಿರು. ಬೆಳಿಗ್ಗೆ ಒಯ್ದ ಚೀಲ ಕೈಯಲ್ಲೇ ಇತ್ತು, ಗಂಟು ಬಿಚ್ಚಿರಲಿಲ್ಲ.

“ನಾನು ವಾಪಸ್ ಕೊಟ್ಟಿದ್ದು ಎಣಿಸಿದ್ರಾ?”

“ಆಯ್ತು. ಲೆಕ್ಕ ಸರಿಯಿದೆ.”

“ಯಂತ್ರ ಏನೂ ಹೊರಗೆ ಹಾಕಲಿಲ್ವಾ?”

“ಇಲ್ಲ.”

ಆಕೆ ಕದಲಲಿಲ್ಲ. ಅವನು ಮೇಜಿನ ಮೇಲಿನ ಚೀಟಿಗಳನ್ನು ಜೋಡಿಸತೊಡಗಿದ. “ಒಂದು ತಪ್ಪಿದ್ರೆ ಏನಾಯ್ತಮ್ಮ? ನಿಮಗೆ ಚೀಲಕ್ಕೊಂದು ಸಿಗುತ್ತಲ್ಲ.”

“ಇರೋದೇ ಒಂದಪ್ಪ,” ಎಂದಳು. “ಪ್ರತಿ ಸಲ ನಾನೇ ಚೀಲದೊಳಗೆ ಹಾಕ್ತಿದ್ದೆ. ಸಿಕ್ಕಿದ್ದು ಅವರಿಗೆ ಮಾರನೇ ದಿನಕ್ಕೆ ಮರೆತುಹೋಗಿರುತ್ತೆ. ಸಿಕ್ಕ ತಕ್ಷಣ ತೆಗೆದಿಡ್ತಿದ್ದೆ. ನಿನ್ನೆ ಖುಷೀಲಿ ತೆಗೆದಿಡೋದು ನಾನೇ ಮರ್ತೆ.”

ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡಳು.

“ಅದು ಕೈಗೆ ಸಿಕ್ಕಾಗ ಮಾತ್ರ ಅವರು ನನ್ನ ಹೆಸರು ಹಿಡಿದು ಕೂಗ್ತಾರೆ.”