ಮಂಗಳಾರತಿಯ ಹೊತ್ತು

ಲೈಸೆನ್ಸು ಕೈಸೇರುವ ಮುನ್ನ ಹೊಂಡಕ್ಕೆ ಮೀನು ಬಿಡಕೂಡದೆಂಬುದು ನಿಯಮ. ಮೀನು ಸಾಕಲೆಂದು ಹೊಂಡ ತೋಡಿಸಿದ್ದ ದಂಪತಿಗಳು ಆ ಲೈಸೆನ್ಸಿಗಾಗಿ ಮೀನುಗಾರಿಕೆ ಕಚೇರಿಗೆ ಅಲೆಯತೊಡಗಿ ವರ್ಷವಾಗಿತ್ತು. ಕಡೆಗೊಮ್ಮೆ ಪರಿಶೀಲನೆಗೆ ಬಂದ ಅಧಿಕಾರಿ ಹಣೆಯಲ್ಲಿ ವಿಭೂತಿ ಧರಿಸಿದ ಸಾತ್ತ್ವಿಕರು. ಏರಿಯ ಮೇಲೆ ಒಂದು ಸುತ್ತು ಬಂದು ತೃಪ್ತಿಯಿಂದ ತಲೆದೂಗಿದರು.

"ಮೀನೇನೂ ಬಿಟ್ಟಿಲ್ಲ ತಾನೆ?"

"ಎಲ್ಲಾದ್ರೂ ಉಂಟಾ ಸಾರ್? ನಿಮ್ಮ ಸಹಿ ಬೀಳದೆ ಒಂದು ಮರೀನೂ ಬಿಡೋದಿಲ್ಲ," ಎಂದ ಹೊಂಡದ ಒಡೆಯ.

ಅವನ ಹೆಂಡತಿ ಇಳಿಯುತ್ತಿದ್ದ ಸೂರ್ಯನನ್ನೇ ನೋಡುತ್ತಿದ್ದಳು. "ಸಹಿ ಹಾಕಿ ಹೊರಟುಬಿಡಿ ಸಾರ್. ಕತ್ತಲಾದ್ರೆ ದಾರಿ ಕಾಣಲ್ಲ."

"ಅವಸರವೇನಮ್ಮಾ? ಎದುರಿಗೇ ಈಶ್ವರನ ಗುಡಿ ಇದೆ. ಮಂಗಳಾರತಿಗೆ ಇಲ್ಲಿಂದಲೇ ಕೈಮುಗಿದು ಆಮೇಲೆ ಸಹಿ ಹಾಕ್ತೀನಿ."

ಗಂಡಹೆಂಡಿರ ಮುಖ ಬಾಡಿತು. "ಇವತ್ತು ಪೂಜಾರಪ್ಪ ಊರಲ್ಲಿಲ್ಲ ಸಾರ್," ಎಂದು ಅವನು ತೊದಲುವಷ್ಟರಲ್ಲಿಯೇ ಗುಡಿಯ ಗಂಟೆ ಮೊಳಗಿತು. ಅಧಿಕಾರಿ ಕಣ್ಣುಮುಚ್ಚಿ ಕೈಜೋಡಿಸಿದರು.

ನಿತ್ಯವೂ ಆ ಗಂಟೆಯ ಹೊತ್ತಿಗೇ ತವುಡಿನ ಉಂಡೆ ತಿಂದು ರೂಢಿಯಾಗಿದ್ದ ನೂರಾರು ಮೀನುಗಳು ಅಧಿಕಾರಿಯ ಕಾಲಬುಡಕ್ಕೆ ನುಗ್ಗಿ, ಬಾಯ್ದೆರೆದು, ನೀರನ್ನೆಲ್ಲ ಕಲಕತೊಡಗಿದವು.

ಅಧಿಕಾರಿ ಕಣ್ತೆರೆದು ಕಾಲಬುಡದ ಮೀನುಗಳನ್ನು ಬಗ್ಗಿ ನೋಡಿದರು.

"ನಾಳೆ ಬಂದು ದಂಡ ಕಟ್ಟಿ ಲೈಸೆನ್ಸು ತಗೊಂಡು ಹೋಗಪ್ಪ," ಎಂದು ಒಡೆಯನಿಗೆ ಹೇಳಿ, ಅವನ ಹೆಂಡತಿಯ ಕಡೆ ತಿರುಗಿದರು. "ತಾಯೀ, ಭಕ್ತರು ಬಂದು ಕಾಯ್ತಿದ್ದಾರೆ. ಮೊದಲು ಪ್ರಸಾದ ಕೊಡಿ."