ಭೀಮ ಬಂದರೂ ಅಲ್ಲಾಡದ ಕುರ್ಚಿಗಳು

"ಇನ್ನು ಆ ಭೀಮನೇ ಬಂದ್ರೂ ಅಲ್ಲಾಡ್ಸೋಕಾಗಲ್ಲ, ನೋಡ್ಕೊಳ್ಳಿ," ಎಂದು ಕಾಂಪೌಂಡರ್ ಕುರ್ಚಿಯನ್ನು ಒದ್ದು ತೋರಿಸಿದ. ನೊಂದದ್ದು ಅವನ ಕಾಲೇ. ಕ್ಲಿನಿಕ್ಕಿನ ಹಜಾರದಲ್ಲಿದ್ದ ನಾಲ್ಕು ಕಬ್ಬಿಣದ ಕುರ್ಚಿಗಳ ಕಾಲುಗಳಿಗೆ ಉದ್ದಕ್ಕೆ ಒಂದು ಪೈಪು ಕೊಟ್ಟು, ಆ ಬೆಳಿಗ್ಗೆಯಷ್ಟೇ ವೆಲ್ಡಿಂಗ್ ಮಾಡಿಸಿದ್ದರು. ಹೋದ ತಿಂಗಳು ಒಬ್ಬ ಅವುಗಳಲ್ಲೊಂದನ್ನು ತಲೆಯ ಮೇಲಕ್ಕೆತ್ತಿ ಕೌಂಟರಿನ ಗಾಜಿಗೆ ಅಪ್ಪಳಿಸಿದ್ದ. ಉಬ್ಬಸದಿಂದ ಒದ್ದಾಡುತ್ತಿದ್ದ ಅವನ ತಾಯಿಗೆ "ಟೋಕನ್ ಪ್ರಕಾರ ಕೂತ್ಕೊಳ್ಳಿ" ಎಂದು ಕೌಂಟರಿನಾಕೆ ಹೇಳಿದ್ದೇ ಕಾರಣ. ತಾಯಿ ಉಳಿದಳು. ಗಾಜಿನ ಚೂರು ಕೊರೆದ ಗಾಯ ಮಾತ್ರ ಕೌಂಟರಿನಾಕೆಯ ಹುಬ್ಬಿನ ಮೇಲೆ ಇನ್ನೂ ಕೆಂಪಗಿತ್ತು.

ಡಾಕ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು ಇನ್ನೊಮ್ಮೆ ವಿವರಿಸಿದರು. ಯಾರಾದರೂ ಗಲಾಟೆಗೆ ಬಂದರೆ ಕೌಂಟರಿನ ಕೆಳಗಿನ ಹೊಸ ಗಂಟೆ ಒತ್ತಬೇಕು. ಗಂಟೆ ಕೇಳಿದೊಡನೆ ತಾವೂ ನರ್ಸಮ್ಮನೂ ಒಳಬಾಗಿಲಿಗೆ ಚಿಲಕ ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡುತ್ತಾರೆ. "ಚಿಲಕ ಹಾಕಿದ ಮೇಲೆ ಹೊರಗಿಂದ ಯಾರು ಕೂಗಿದ್ರೂ ತೆಗೆಯೋ ಹಾಗಿಲ್ಲ. ಪೊಲೀಸ್ರು ಬಂದ್ಮೇಲೇ."

"ಮತ್ತೆ ನಾನು, ಸಾರ್?" ಎಂದಳು ಕೌಂಟರಿನಾಕೆ.

ಡಾಕ್ಟರು ಕನ್ನಡಕ ಒರೆಸಿಕೊಂಡರು. "ನೀನು... ಕೌಂಟರ್ ಕೆಳಗೆ ಕೂತ್ಕೋಮ್ಮ."

ಈ ಗಡಿಬಿಡಿಯಲ್ಲಿ ರೋಗಿಗಳನ್ನು ನೋಡುವುದು ತಡವಾಯಿತು. ಮಧ್ಯಾಹ್ನ ಕಾಂಪೌಂಡರ್ ಊಟಕ್ಕೆ ಹೋದಾಗ ಹಜಾರದಲ್ಲಿ ಉಳಿದವರು ಒಬ್ಬ ಅಜ್ಜಿ ಮಾತ್ರ. ಸಕ್ಕರೆ ಕಾಯಿಲೆಯವರು; ರಕ್ತಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿ ಬಂದಿದ್ದರು. ತುದಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಬಾಯೊಳಗೇ ದೇವರ ಪದ ಹೇಳಿಕೊಳ್ಳುತ್ತಿದ್ದರು. ಒಂದು ಸಾಲು ಇಳಿದು, ಉಸಿರಿಗೆಂದು ತುಸು ನಿಂತು, ಇನ್ನೊಂದು ಸಾಲು ಏಳುತ್ತಿತ್ತು. ಆ ದನಿಗೆ ಕಿವಿಗೊಟ್ಟುಕೊಂಡೇ ಕೌಂಟರಿನಾಕೆ ಚೀಟಿಗಳನ್ನು ಜೋಡಿಸುತ್ತಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದಳು. ಗಾಜು ಒಡೆದವನೇ! ಗೋದಾಮಿನಲ್ಲಿ ಮೂಟೆ ಹೊರುವವನ ಅದೇ ಅಗಲ ಭುಜ. ಅವಳ ಬೆರಳು ತಾನಾಗಿ ಗಂಟೆಯ ಮೇಲೆ ಹೋಗಿ ಕೂತಿತು. ಅವನು ಹೊಸ್ತಿಲು ದಾಟಲೋ ಬೇಡವೋ ಎಂಬಂತೆ ನಿಂತು, ಖಾಲಿಯಾದ ಮಾತ್ರೆಯ ಪಟ್ಟಿಯೊಂದನ್ನು ಎತ್ತಿ ತೋರಿಸಿದ. "ಅಕ್ಕಾ... ಅಮ್ಮನ ಮಾತ್ರೆ ಮುಗಿದಿದೆ..."

ಆಗಲೇ ಅಜ್ಜಿಯ ಪದ ಸಾಲಿನ ನಡುವೆ ನಿಂತುಹೋಯಿತು. ಉಳಿದ ಸಾಲಿಗೆ ಕಾದ ಕೌಂಟರಿನಾಕೆಯ ಕಿವಿಗೆ ಧೊಪ್ಪೆಂಬ ಸದ್ದು ಬಿತ್ತು. ಅಜ್ಜಿ ಜಾರಿ ಬಿದ್ದಿದ್ದರು. ತಲೆಯೂ ಒಂದು ತೋಳೂ ಪೈಪಿನ ಕೆಳಗೆ ಸಿಕ್ಕಿಕೊಂಡಿದ್ದವು. ಎದುರಿಗೆ ಅವನು, ಬೆರಳ ಕೆಳಗೆ ಗಂಟೆ. ಒತ್ತಿದರೆ ಡಾಕ್ಟರು ಚಿಲಕ ಹಾಕಿಕೊಳ್ಳುತ್ತಾರೆ. ಆಮೇಲೆ ಎಷ್ಟು ಕೂಗಿಕೊಂಡರೂ ಆ ಬಾಗಿಲು ತೆರೆಯುವುದಿಲ್ಲ.

ಅವಳು ಕೈ ಹಿಂದಕ್ಕೆಳೆದುಕೊಂಡು ಕಿರುಚಿದಳು. "ಸಾರ್, ಬನ್ನಿ! ಅಜ್ಜಿ ಬಿದ್ರು!"

ಡಾಕ್ಟರೂ ನರ್ಸಮ್ಮನೂ ಓಡಿಬಂದರು. ಅಜ್ಜಿಯ ಮೈ ಬೆವರಿ ತಣ್ಣಗಾಗಿತ್ತು. "ಶುಗರ್ ಇಳಿದುಬಿಟ್ಟಿದೆ, ಗ್ಲೂಕೋಸ್ ತನ್ನಿ," ಎಂದರು ಡಾಕ್ಟರು. ಕುರ್ಚಿಗಳನ್ನು ಎಳೆದರೆ ಕಬ್ಬಿಣದ ಕಾಲು ಅಜ್ಜಿಯ ಕತ್ತಿನ ಮೇಲೇ ಬರುತ್ತಿತ್ತು. ಎತ್ತಲೇಬೇಕು. ಡಾಕ್ಟರೂ ಕೌಂಟರಿನಾಕೆಯೂ ಕೈ ಹಾಕಿ ತಿಣುಕಿದರು. ಬೆಳಗಿನ ವೆಲ್ಡಿಂಗು ಗಟ್ಟಿಯಾಗಿಯೇ ಇತ್ತು.

"ಸ್ವಲ್ಪ ಸರೀರಿ ಸಾರ್." ಅವನು ಮಾತ್ರೆಯ ಪಟ್ಟಿಯನ್ನು ಜೇಬಿಗೆ ತುರುಕಿ, ಕುಕ್ಕರಗಾಲಲ್ಲಿ ಕೂತು, ಪೈಪಿನ ತುದಿಗೆ ಹೆಗಲು ಕೊಟ್ಟು ಎದ್ದು ನಿಂತ. ಕುರ್ಚಿಗಳ ಸಾಲು ಓರೆಯಾಗಿ ಮೇಲೆದ್ದಿತು. ಡಾಕ್ಟರು ಅವನ ಮುಖ ನೋಡಿದರು. ಗುರುತು ಸಿಕ್ಕಿತು. ಒಂದು ಗಳಿಗೆ ತಡೆದು, ಆ ಕುರ್ಚಿಗಳ ಅಡಿಗೇ ತಲೆ ತೂರಿಸಿದರು.

"ಬಿಡ್ಬೇಡಪ್ಪ."

"ಬಿಡಲ್ಲ. ನೀವು ಅಜ್ಜಿನ ನೋಡಿ."

ಅವನ ಕತ್ತಿನ ನರಗಳು ಉಬ್ಬಿದ್ದವು. ಬೆವರು ಡಾಕ್ಟರ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಕತ್ತಿಗೆ ಪೆಟ್ಟಾಗಿರಬಹುದೆಂದು ಅಜ್ಜಿಯನ್ನು ಎಳೆಯದೆ ಡಾಕ್ಟರು ಅಲ್ಲೇ ಚುಚ್ಚಿದ ಸೂಜಿ ನರ ಹಿಡಿಯಿತು, ಗ್ಲೂಕೋಸ್ ಒಳಗಿಳಿಯಿತು. ಸ್ವಲ್ಪ ಹೊತ್ತಿಗೆ ಅಜ್ಜಿಯ ರೆಪ್ಪೆ ಅದುರಿತು. ಮೂವರೂ ಅವರನ್ನು ಮೆಲ್ಲನೆ ಈಚೆಗೆ ತೆಗೆದು, ಸ್ಟ್ರೆಚರಿನಲ್ಲಿ ಒಳಗೆ ಸಾಗಿಸಿದರು.

ಕೌಂಟರಿನಾಕೆ ಹಜಾರಕ್ಕೆ ಮರಳಿದಾಗ ಅವನು ಇನ್ನೂ ಹಾಗೆಯೇ ನಿಂತಿದ್ದ. ಇಳಿಸು ಎಂದು ಯಾರೂ ಹೇಳಿರಲಿಲ್ಲ. ಅವಳ ಹುಬ್ಬನ್ನು ನೋಡಿ ಕಣ್ಣು ಕೆಳಗೆ ಹಾಕಿದ.

"ಇನ್ನೂ ನೋಯುತ್ತಾ ಅಕ್ಕಾ?"

ಅವಳು ಒಳಬಾಗಿಲ ಕಡೆ ತಿರುಗಿದಳು. ಒಳಗಿನಿಂದ ಕ್ಷೀಣವಾದ ದನಿ ಬರುತ್ತಿತ್ತು. ಪದ ನಿಂತಲ್ಲಿಂದಲೇ ಮುಂದಕ್ಕೆ ಸಾಗಿತ್ತು.

"ಇಳಿಸ್ಲಾ?" ಎಂದ.

ಅವಳು ಬಂದು ಪೈಪಿಗೆ ತಾನೂ ಕೈ ಕೊಟ್ಟಳು. "ಮೆಲ್ಲಗೆ ಇಳಿಸು. ಅಜ್ಜಿ ಪದ ಹೇಳ್ತಿದಾರೆ."

ಆ ಕಬ್ಬಿಣ ನೆಲ ಮುಟ್ಟಿದ್ದು ಯಾರಿಗೂ ಕೇಳಿಸಲಿಲ್ಲ.