ಹಾಲು ಉಕ್ಕದ ಮನೆ

ಬಾಡಿಗೆಗೆ ಕೊಡಲೆಂದು ರತ್ನಮಾಲಾ ಕೊಂಡ ಮೊದಲ ಮನೆಯಲ್ಲಿ ಮೂರನೆಯ ಬಾಡಿಗೆದಾರರ ಹಾಲೂ ಉಕ್ಕದೆ ತಳ ಹಿಡಿಯಿತು. ಮನೆ ಒಪ್ಪದಿದ್ದರೆ ಹಾಲು ಉಕ್ಕುವುದಿಲ್ಲ. ಅವರು ಪಾತ್ರೆ ಎತ್ತಿಕೊಂಡು ಹೊರಟೇಹೋದರು.

"ಕೊಂಡ ದಿನ ನೀವೇ ಹಾಲುಕ್ಕಿಸಿದ್ರಾ, ಅಕ್ಕಾ?" ಬ್ರೋಕರ್ ಗಂಗಣ್ಣ ಕೇಳಿದ.

"ಖುಷೀಲಿ... ಒಂದೇ ಲೋಟ ಕಣಪ್ಪಾ."

"ಕೆಟ್ರಿ! ಈ ಮನೆ ನಿಮ್ಮನ್ನೇ ತನ್ನೋರು ಅಂದ್ಕೊಂಡಿದೆ. 'ನೀನು ಬೇಡ' ಅಂತ ಬಾಯ್ಬಿಟ್ಟು ಹೇಳಿ, ಬಿಟ್ಕೊಡುತ್ತೆ."

ಅವನು ಹೋದ ಮೇಲೆ ರತ್ನಮಾಲಾ ಗೋಡೆಗೊರಗಿ ಕುಳಿತಳು. ಬಾಡಿಗೆ ಬಂದರೆ ಮಾಡುತ್ತಿದ್ದ ಎರಡು ಕೆಲಸಗಳಲ್ಲಿ ಒಂದನ್ನಾದರೂ ಬಿಡಬಹುದಿತ್ತು. ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಊದಿದ ಕಾಲುಗಳಡಿ ನೆಲ ಮೆಲ್ಲಗೆ ಬೆಚ್ಚಗಾಯಿತು. ಅವಳೂ ಮಗಳೂ ಈಗ ಬಾಡಿಗೆಗಿದ್ದ ಮನೆ ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವಳಿಗಾಗಿ ಬೆಚ್ಚಗಾಗಿರಲಿಲ್ಲ.

"ನಾಳೆ ಹೇಳ್ತೀನಿ," ಎಂದು ಮನೆಗೆ ಹೇಳಿ, ಮಗಳಿಗೆ ಫೋನ್ ಮಾಡಿದಳು. "ಪುಟ್ಟೀ, ಚಾಪೆ ತಗೊಂಡು ಇಲ್ಲಿಗೇ ಬಾ."